ತಪ್ಪುಕಾಣಿಕೆ

ಮೊದಲು ಕ್ಷಮೆ ಕೇಳು, ಅಂದರು ರಕುತುಮಂಗ.
ಯಾವ ತಪ್ಪಿಗೆ? ಅಂದೆ.
ಇನ್ನೂ ಮಾಡಿಲ್ಲ,
ಈಗ ಬಾಯಿ ತೆರೆಯುತ್ತೀಯಲ್ಲ, ಅದಕ್ಕೆ.

ಅಂತ್ಸಿರಾಬೆಯ ಹೊರಗೆ
ಭತ್ತ ಕೊಯ್ದ ಗದ್ದೆಯಲ್ಲಿ ನಮ್ಮ ಇಟ್ಟಿಗೆಗೂಡು.
ಜುಲೈ ತಿಂಗಳ ಕೊರೆಯುವ ಚಳಿ.
ನಾನು ಅಚ್ಚಿಗೆ ಮಣ್ಣು ಬಡಿಯುತ್ತ,
ಅವರು ಗೂಡಿನ ಬಿಸಿಗೆ ಬೆನ್ನು ಕೊಟ್ಟು
ಹುಲ್ಲಿನ ಟೋಪಿಯನ್ನು ಮೊಣಕಾಲಿಗೆ ತೊಡಿಸಿ
ಸೀದ ಅನ್ನದ ತಿಳಿ ಹೀರುತ್ತ,
ಹೀಗೆ ನಡೆಯಿತು ಪಾಠ.

ತಮ್ಮನ ಮದುವೆ.
ಹುಡುಗಿಯ ಮನೆಗೆ ಹೋಗಿ ಹೆಣ್ಣು ಕೇಳಲು
ಗಂಡಿನ ಕಡೆಗೊಬ್ಬ ಮಾತುಗಾರ ಬೇಕು.
ಮಾತಾಡುತ್ತಿದ್ದ ದೊಡ್ಡಪ್ಪ ಗೋರಿಯಲ್ಲಿದ್ದಾರೆ.
ಉಳಿದ ಗಂಡಸರಿಗೆ ಹತ್ತು ಜನ ಕೂಡಿದರೆ
ಗಂಟಲಲ್ಲಿ ಕಡುಬು.
ವುಹಾಂಗಿ ಇದ್ದಾಳಲ್ಲ, ಅಂದಳು ಅಮ್ಮ,
ಲಾರಿಯವರ ಜೊತೆ ದಿನಾ ಜಗಳಾಡುವವಳು.

ಜಗಳ ಬೇರೆ.
ಜಗಳದಲ್ಲಿ ಎದುರಿಗಿದ್ದವನೇ ಮಾತು ಒದಗಿಸುತ್ತಾನೆ.
ಇಲ್ಲಿ ಎಲ್ಲರೂ ಸುಮ್ಮನೆ ಕೂತು
ನಿನ್ನನ್ನೇ ನೋಡುತ್ತಾರೆ.
ಇದ್ದಕ್ಕಿದ್ದಂತೆ ಕೈಗಳು ಎರಡು ಹೆಚ್ಚಾಗುತ್ತವೆ;
ಎಲ್ಲಿಡುವುದು ಅವನ್ನು?

ಲಂಬಾದ ಅಂಚು ಹಿಡಿ, ಅನ್ನುವರು.
ಅಜ್ಜಂದಿರು ಅದನ್ನು ಹೊದ್ದದ್ದು
ಬರೀ ಚಳಿಗೆ ಅಂದುಕೊಂಡೆಯಾ?
ಕೊನೆಯ ಸಾಲಿನ ಮುದುಕಿಗೆ ಹೇಳು.
ಅವಳಿಗೆ ಕೇಳಿಸಿದರೆ ಸತ್ತವರಿಗೂ ಕೇಳಿಸುತ್ತದೆ.
ಗಾದೆಯ ನಡುವೆ ಉಸಿರು ತಗೊಂಡರೆ
ಟೋಪಿಯಿಂದ ಒಂದು ಏಟು:
ಎತ್ತಿನ ಗಾಡಿಯನ್ನು
ಸೇತುವೆಯ ಮೇಲೆ ಯಾರಾದರೂ ನಿಲ್ಲಿಸುತ್ತಾರೆಯೇ?

ಅವರು ಹೋದ ಮೇಲೆ
ಸಾಲಾಗಿ ಒಣಗುತ್ತಿದ್ದ ಎಂಟುನೂರು ಹಸಿ ಇಟ್ಟಿಗೆಗೆ
ಭಾಷಣ ಮಾಡಿದೆ.
ಒಂದೂ ಆಕಳಿಸಲಿಲ್ಲ.
ಬಾತುಕೋಳಿಗಳು ಮಾತ್ರ
ನಡುವೆಯೇ ಎದ್ದು ಹೋದವು.

ಆ ದಿನ ಬಂತು.
ಚಾಪೆಯ ಆಚೆ, ಹುಡುಗಿಯ ಕಡೆಯ ಮಾತುಗಾರನಾಗಿ
ಮಡಿಕೆ ಬಿಚ್ಚಿದ ಹೊಸ ಲಂಬಾದಲ್ಲಿ
ಎದ್ದು ನಿಂತವರು ರಕುತುಮಂಗ.
ನನಗೆ ಕಲಿಸುವಾಗಲೇ
ಮುಂಗಡ ತಗೊಂಡಿದ್ದರಂತೆ.

ನಮ್ಮಲ್ಲಿ ಗಂಡಿನವರು ತಪ್ಪಿದಲ್ಲೆಲ್ಲ ದಂಡ.
ಹಿರಿಯರ ಹೆಸರು ಹಿಂದುಮುಂದಾಯಿತು: ಸಾವಿರ ಅರಿಯಾರಿ.
ಸೇತುವೆಯ ಮೇಲೆ ಗಾಡಿ ನಿಂತಿತು: ಐನೂರು.
ನಾನೆಲ್ಲಿ ಎಡವುತ್ತೇನೆಂದು ಅವರಿಗಲ್ಲದೆ
ಇನ್ಯಾರಿಗೆ ಗೊತ್ತು?
ಹೆಂಗಸು ಎದ್ದು ನಿಂತಿದ್ದಕ್ಕೆ ಎಷ್ಟು?
ಮೂಲೆಯಿಂದ ಕೇಳಿದನೊಬ್ಬ ಮುದುಕ.
ರಕುತುಮಂಗ ತಿರುಗಿಯೂ ನೋಡಲಿಲ್ಲ.
ಅದಕ್ಕೆ ಪಟ್ಟಿಯಲ್ಲಿ ಬೆಲೆ ಬರೆದಿಲ್ಲ.

ಆಮೇಲೆ, ಕಲಿಸದೇ ಇದ್ದದ್ದನ್ನು ಕೇಳಿದರು:
ಏನಿದೆ ನಿಮ್ಮ ಹುಡುಗನಲ್ಲಿ?

ಬಾಯಿಪಾಠವೆಲ್ಲ
ಮಳೆಗೆ ಸಿಕ್ಕ ಹಸಿ ಇಟ್ಟಿಗೆ.
ಕೊನೆಯ ಸಾಲು ಹುಡುಕಿದೆ. ಅಲ್ಲಿ ಮುದುಕಿ
ಕಡಲೆಕಾಯಿ ಸುಲಿಯುತ್ತಿದ್ದವಳು
ಸುಲಿಯುವುದನ್ನು ನಿಲ್ಲಿಸಿದ್ದಳು.
ಮೌನ ಎಷ್ಟು ಉದ್ದವಿತ್ತೋ,
ಹೊರಗೆ ಕಟ್ಟಿದ ಹೋರಿ
ಮೆಲುಕು ಹಾಕುವುದು ಕೇಳಿಸಿತು.

ನನ್ನ ತಮ್ಮ ಪುಸ್‌ಪುಸ್ ಎಳೆಯುತ್ತಾನೆ, ಅಂದೆ.
ಏರು ಬಂದಾಗ ಕೂತವರಿಗೆ
ಸ್ವಲ್ಪ ಇಳಿಯಿರಿ ಅನ್ನಲು ಅವನಿಗೆ ಬಾಯಿ ಬರುವುದಿಲ್ಲ.
ಎಳೆದೇ ಬಿಡುತ್ತಾನೆ.
ಇಪ್ಪತ್ತಾರು ವರ್ಷ ನಾನು ಅವನ ಬಾಯಿ.
ನನಗೂ ಸುಸ್ತಾಗಿದೆ.
ನಿಮ್ಮ ಹುಡುಗಿಗೆ ಚೆನ್ನಾಗಿ ಮಾತು ಬರುತ್ತದಂತೆ,
ಕೇಳಿಕೊಂಡು ಬಂದೆವು.

ಪರದೆಯ ಹಿಂದೆ
ಯಾರೋ ಕಿಸಕ್ಕನೆ ನಕ್ಕರು.
ಮುದುಕಿಯ ಬೆರಳಲ್ಲಿ
ಕಡಲೆಕಾಯಿ ಚಟ್ ಎಂದಿತು.

ರಕುತುಮಂಗ ನೆಲ ನೋಡಿದರು,
ಮಾಡು ನೋಡಿದರು,
ಗಂಟಲು ಸರಿಮಾಡಿಕೊಳ್ಳಲು ತುಸು ಹೊತ್ತು ಹಿಡಿಯಿತು.
ಕ್ಷಮೆ ಕೇಳದೆ ಮಾತು ಶುರು ಮಾಡಿದ್ದಕ್ಕೆ
ಎರಡು ಸಾವಿರ, ಅಂದರು.

ಐದು ಸಾವಿರದ ನೋಟು ಕೊಟ್ಟೆ.
ಉಳಿದ ಚಿಲ್ಲರೆ
ಇಂದಿಗೂ ಬಂದಿಲ್ಲ.